ಮೂರನೆಯ ಮನವಿ

ಮಾನ್ಯ ಆಯುಕ್ತರಿಗೆ, ಮಹಾನಗರ ಪಾಲಿಕೆ, ದಾವಣಗೆರೆ.
ಹಳೇ ಮಿಲ್ಲಿನ ಹಿಂದಿನ ಆರನೇ ಅಡ್ಡರಸ್ತೆಯವರ ಪರವಾಗಿ
ಹಾಲಮ್ಮ, ನಿವೃತ್ತ ಅಂಗನವಾಡಿ ಟೀಚರು,
ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ
ಬರೆಯುತ್ತಿರುವ ಮೂರನೆಯ ಮನವಿ.

ವಿಷಯ: ಭಾನುವಾರ.

ಭಾನುವಾರ ಮೂರು ಗಂಟೆಯಾಯಿತೆಂದರೆ
ನಮ್ಮ ಓಣಿ ನಮ್ಮದಲ್ಲ.
ಹರಿಹರದಿಂದ, ಭದ್ರಾವತಿಯಿಂದ
ಟಾಟಾ ಏಸಿನಲ್ಲಿ ನಿಂತುಕೊಂಡೇ ಬರುತ್ತಾರೆ.
ಬಾಗಿಲಿಗೆ ಅಡ್ಡ ಬೈಕು, ಬೈಕಿಗೆ ಅಡ್ಡ ಇನ್ನೊಂದು ಬೈಕು.
ರಂಗೋಲಿಯ ನಡುವೆ ಸ್ಟ್ಯಾಂಡು ಊರಿದ ತಗ್ಗು
ಯಾರೋ ತಪ್ಪಿ ಇಟ್ಟ ಚುಕ್ಕಿಯ ಹಾಗೆ
ಸೋಮವಾರವೂ ಅಲ್ಲೇ.

ಗೋಡೆಯ ವಿಷಯ ಮೊದಲ ಮನವಿಯಲ್ಲೇ ಬರೆದಿದ್ದೆ.
ನೀವು ಓದಿರಲಿಕ್ಕಿಲ್ಲ. ಗೋಡೆಯನ್ನೂ ಯಾರೂ ಓದಲಿಲ್ಲ.
ಕೊನೆಗೆ ದೇವರ ಟೈಲ್ಸು ಅಂಟಿಸಿದೆವು;
ದೇವರಿಂದ ಎರಡು ಹೆಜ್ಜೆ ಸರಿದು ನಿಂತರು.
ಅಷ್ಟು ಭಕ್ತಿ ಇದೆ.

ನನ್ನ ಸಿಂಟೆಕ್ಸಿನ ಮುಚ್ಚಳ ಒಡೆದ ಚೆಂಡು ಸೇರಿ
ಅಕ್ಕಿಯ ಡ್ರಮ್ಮಿನ ಹಿಂದೆ ಐದು ಚೆಂಡು ಇಟ್ಟಿದ್ದೆ.
ಕೇಳಲು ಬಂದವನು ತೌಸೀಫ.
ನನ್ನ ಹತ್ತಿರವೇ ಅ ಆ ತಿದ್ದಿದವನು, ಈಗ ಮೀಸೆ ಬಂದಿದೆ.
"ಒಂದಾದ್ರೂ ಕೊಡ್ರಿ ಟೀಚರ್."
ಒಂದು ಬಕೆಟ್ಟು ನೀರು, ಒಂದು ಪೊರಕೆ ಕೊಟ್ಟೆ.
ಗೋಡೆ ತೊಳೆದ, ಚೆಂಡು ಒಯ್ದ.
ಮುಂದಿನ ವಾರ ಚೆಂಡು ವಾಪಸು ಬಂತು,
ಗೋಡೆಯೂ ಮೊದಲಿನಂತಾಯಿತು.

ಎರಡನೆಯ ಮನವಿ ಕೆಂಚವ್ವನದು.
ಅವಳು ಸತ್ತದ್ದು ಶನಿವಾರ ರಾತ್ರಿ.
ಹಗರಿಬೊಮ್ಮನಹಳ್ಳಿಯಿಂದ ಮಗಳು ಬರುವಾಗ
ಭಾನುವಾರ, ಸಂಜೆ ನಾಲ್ಕು.
ಹೂವಿನ ವಿಮಾನದಲ್ಲಿ ಕೂರಿಸಿದ ಮುದುಕಿ
ಬೈಕುಗಳ ನಡುವೆ ಮುಂದಕ್ಕೂ ಹೋಗಲಾರದೆ
ಮನೆಗೂ ಮರಳಲಾರದೆ
ಮುಖದ ತುಂಬ ಬಿಸಿಲು ಹೊತ್ತು ಕೂತೇ ಇದ್ದಳು.
ಭಜನೆಯವರು ತಾಳ ಬಡಿದರು.
ಆಚೆಯ ತಮಟೆ ಅದಕ್ಕಿಂತ ಜೋರು.

ಅರ್ಧ ಆಟದ ಸೀಟಿ ಊದಿದ ಮೇಲೆ ಜನ ಹೊರಬಂತು,
ನೋಡಿತು,
ತಣ್ಣಗಾಯಿತು.
ಯಾರೂ ಹೇಳದೆ ಬೈಕುಗಳನ್ನು ಎತ್ತೆತ್ತಿ ಗೋಡೆಗೆ ಒರಗಿಸಿದರು.
ಹರಿಹರದ ಹುಡುಗನೊಬ್ಬ ತನ್ನ ಬಾವುಟ ಸುತ್ತಿ
ಕಂಕುಳಲ್ಲಿ ಇಟ್ಟುಕೊಂಡ.
ಸದ್ದಿಲ್ಲದ ಆ ದಾರಿಯಲ್ಲಿ
ವಿಮಾನ ಹೊತ್ತಿದ್ದ ಮೊಮ್ಮಗ ಬಸಲಿಂಗ
ತುಟಿ ಅಲುಗಿಸದೆ ಪಕ್ಕದವನನ್ನು ಕೇಳಿದ:
"ಎಷ್ಟಾತು?"
"ಒಂದ್ ಸೊನ್ನೆ. ನಮ್ದೇ."
ಹೆಗಲು ಬದಲಿಸಿ ನಡೆದ.

ಇದನ್ನು ಎರಡನೆಯ ಮನವಿಯಲ್ಲಿ ಬರೆದಿರಲಿಲ್ಲ.

ಆದ್ದರಿಂದ ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ
ಪಂದ್ಯದ ದಿನ ಓಣಿಯ ಬಾಯಿಗೆ ಒಬ್ಬ ಪೊಲೀಸು,
ಎರಡು ಪಾಯಖಾನೆ, ಉದ್ದನೆಯದೊಂದು ಹಗ್ಗ,
ಇಷ್ಟಾದರೆ ಸಾಕು. ಮೈದಾನವನ್ನೇ ಮುಚ್ಚಿಸಿ ಎಂದು
ಕಳೆದ ಸಲ ನಾನು ಬರೆದದ್ದನ್ನು

ಇಲ್ಲಿಗೆ ಪೆನ್ನು ನಿಂತಿತು.
ಆಚೆ, ಗದ್ದಲವೆಲ್ಲ ಒಮ್ಮೆಗೇ ಇಂಗಿತು.
ಗೋಲಿಗೆ ಮೊದಲು ಹೀಗೊಂದು ಮೌನ ಬರುತ್ತದೆ ಸ್ವಾಮಿ,
ಹಾಲು ಉಕ್ಕುವ ಮುಂಚೆ
ಪಾತ್ರೆಯ ಅಂಚಿನಲ್ಲಿ ನಿಲ್ಲುತ್ತದಲ್ಲ, ಹಾಗೆ.
ಹನ್ನೊಂದು ವರ್ಷ ಗೋಡೆಯ ಈಚೆ ಕೂತು
ಒಂದು ಆಟವನ್ನೂ ನೋಡದೆ ನಾನು ಕಲಿತದ್ದು ಇದೊಂದೇ.
ಕೈಯಲ್ಲಿ ಪೆನ್ನು, ಎದೆಯಲ್ಲಿ ತಡೆದ ಉಸಿರು,
ನನ್ನ ಉಸಿರು ಯಾರ ಕಡೆ ಎಂದು
ನನ್ನನ್ನು ಕೇಳಬೇಡಿ.

ಹೊಡೆಯಲಿಲ್ಲ. ಆಚೆ "ಅಯ್ಯೋ" ಎಂದರು.
ಈಚೆಯೂ ಯಾರೋ.

ಹಾಳೆ ಹಿಡಿದು ಸಹಿಗೆ ಹೊರಟರೆ
ಬಾಗಿಲು ತೆಗೆಯುವವರಿಲ್ಲ.
ಮೊದಲ ಸಹಿಯ ತಿಪ್ಪಣ್ಣ ತಾರಸಿಯ ಮೇಲೆ
ಇಪ್ಪತ್ತು ರೂಪಾಯಿಗೊಂದು ಕುರ್ಚಿ ಹಾಕಿದ್ದಾನೆ.
ಎರಡನೆಯ ಸಹಿಯ ನೂರುನ್ನೀಸಾ
ಮಂಡಕ್ಕಿ ಕಲಸಿ, ಮೆಣಸಿನಕಾಯಿ ಕರಿದು
ಪೊಟ್ಟಣ ಕಟ್ಟುತ್ತಲೇ ಅಂದಳು,
"ಆಟ ಮುಗೀಲಿ ಟೀಚರ್, ಹಾಕ್ತೀನಿ."

ಇಂತಿ ತಮ್ಮ ವಿಶ್ವಾಸಿ.
ಲಗತ್ತು: ಚೆಂಡು, ಐದು.
ಇಲ್ಲ,
ಈಗ ಬಿದ್ದದ್ದು ಸೇರಿ
ಆರು.